ಗ್ಯಾರೇಜಿನ ಆಯುಧಪೂಜೆ

ಅಂಟಾರ್ಕ್ಟಿಕಾದ ಮೇಲೆ ವಿಮಾನದಲ್ಲಿ ಹಾರಿ, ಅಲ್ಲಿನ ಗಾಳಿಯಲ್ಲಿ ಧೂಳು, ಹೊಗೆ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ಏನೂ ಇಲ್ಲದ್ದನ್ನು ಅಳೆಯಲು ಅಷ್ಟು ದೂರ ಹೋಗುತ್ತಾಳಲ್ಲ ಎಂದು ಅಮೆರಿಕದಲ್ಲಿ ನಾವಿರುವ ಈಸ್ಟ್ ಬ್ರನ್ಸ್‌ವಿಕ್‌ನ ಆಂಟಿಯರಿಗೆ ನನ್ನ ಮೇಲೆ ಕನಿಕರ. ಮನೆಯಲ್ಲಿ ಒಗ್ಗರಣೆ ಹಾಕಿದರೂ ಕಿಟಕಿ ತೆರೆಸುವವಳು ನಾನು. ಆದರೂ ಕೊನೆಗೆ ನನ್ನದೂ ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತಾಯಿತು.

ಆ ವರ್ಷ ಹೊರಡುವ ಮುನ್ನ, ಗಾಳಿಯ ಕಣಗಳನ್ನು ಹಿಡಿಯುವ ಫಿಲ್ಟರ್‌ಗಳ ಪೆಟ್ಟಿಗೆ ಒಂದು ದಿನ ನಮ್ಮ ಮನೆಯಲ್ಲಿತ್ತು. ಅಂದೇ ಆಯುಧಪೂಜೆ. ಒಳಗೆ ಊದುಬತ್ತಿ ಹಚ್ಚಿದರೆ ಸ್ಮೋಕ್ ಅಲಾರಂ ಅರಚುತ್ತದೆಂದು ನಮ್ಮ ಪೂಜೆಯೆಲ್ಲ ಗ್ಯಾರೇಜಿನಲ್ಲೇ. ಮೈಸೂರಿನಿಂದ ಬಂದಿದ್ದ ಅಮ್ಮ ಕಾರಿಗೆ, ಮಿಕ್ಸಿಗೆ ಕುಂಕುಮ ಇಟ್ಟು ಪೆಟ್ಟಿಗೆಯತ್ತ ತಿರುಗಿದಳು.

"ಮುಚ್ಚಳ ತೆಗಿಯೇ. ಮುಚ್ಚಿಟ್ಟಿದ್ದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?"

ಬೇಡ ಅನ್ನಬೇಕಿತ್ತು. ಆದರೆ ಹಿಮದ ಮೇಲೆ ತೀರ ತಗ್ಗಿನಲ್ಲಿ ಹಾರುವ ಆ ಪುಟ್ಟ ವಿಮಾನವೆಂದರೆ ನನಗೆ ಜೀವಭಯ. ಪೆಟ್ಟಿಗೆಯನ್ನಷ್ಟೇ ಅಲ್ಲ, ಒಳಗಿನ ಫಿಲ್ಟರ್ ಡಬ್ಬಿಗಳ ಮುಚ್ಚಳಗಳನ್ನೂ ಒಂದೊಂದಾಗಿ ತೆಗೆದೆ. ಅಮ್ಮ ಊದುಬತ್ತಿಯನ್ನು ಮೂರು ಸುತ್ತು ಬೆಳಗಿ ಅಲ್ಲೇ ಸಿಕ್ಕಿಸಿದಳು. ನಾನು ಕಣ್ಣು ಮುಚ್ಚಿ ಕೈಮುಗಿದೆ.

ಹಿಂತಿರುಗಿ ಬಂದು ಲ್ಯಾಬಿನಲ್ಲಿ ಪರೀಕ್ಷಿಸಿದರೆ ಫಿಲ್ಟರ್‌ಗಳ ತುಂಬ ಹೊಗೆಯ ಕಣ. ನನ್ನ ಬಾಸ್ ಕುರ್ಚಿ ಬಿಟ್ಟೆದ್ದ. ಅಷ್ಟು ಶುದ್ಧ ಗಾಳಿಯಲ್ಲಿ ಹೊಗೆಯೆಂದರೆ ಎಲ್ಲೋ ದೂರದ ಕಾಡ್ಗಿಚ್ಚಿನದೇ ಇರಬೇಕು, ಬರೆಯುವ ಸಂಶೋಧನಾ ಪೇಪರಿನಲ್ಲಿ ನಿನ್ನ ಹೆಸರೇ ಮೊದಲು ಎಂದ. ಎರಡು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ, ಅಲ್ಲಿನ ಗಾಳಿಗೆ ಒಡ್ಡದೆ ಹೋಲಿಕೆಗೆಂದು ಹಾಗೇ ಉಳಿಸಿಕೊಂಡಿದ್ದ ಒಂದು ಫಿಲ್ಟರನ್ನು ಪರೀಕ್ಷೆಗೆ ಹಾಕಿದೆ. ಅದರಲ್ಲೂ ಅಷ್ಟೇ ಹೊಗೆ.

ಕಾಡ್ಗಿಚ್ಚು ಯಾವ ಊರಿನದೆಂದು ನನಗೆ ಕೂಡಲೇ ತಿಳಿಯಿತು. ಒಂದು ರಾತ್ರಿ ನಿದ್ದೆಗೆಟ್ಟು, ಮರುದಿನ ಬಾಸ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಡೀ ಸೀಸನ್ನಿನ ಫಿಲ್ಟರ್‌ಗಳು ಕಸದ ಬುಟ್ಟಿ ಸೇರಿದವು, ಪೇಪರೂ ಅವುಗಳ ಹಿಂದೆಯೇ ಹೋಯಿತು.

ಮನೆಗೆ ಬಂದು ಸಿಟ್ಟನ್ನೆಲ್ಲ ಅಮ್ಮನ ಮೇಲೆ ಕಾರಿದೆ. ಡಬ್ಬಿಗಳ ಮುಚ್ಚಳ ತೆಗೆದವಳು ನಾನೇ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿಸಿಕೊಂಡಳು.

"ನಿನ್ನ ಪೇಪರ್‌ಗೆ ಅಂತ ಹಚ್ಚಿದ್ನೇನೇ? ನೀನು ನೆಟ್ಟಗೆ ವಾಪಸ್ ಬರ್ಲಿ ಅಂತ ಹಚ್ಚಿದ್ದು," ಎಂದಳು. ಇನ್ನೊಂದು ಹುರುಳಿಕಾಯಿ ಎತ್ತಿಕೊಂಡಳು. "ಬಂದ್ಯಲ್ಲ."