ಖಾಲಿ ಕರೆ

ಆ ಕಂಪನಿಯಲ್ಲಿ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಉಳಿದ ದಿನಗಳಲ್ಲಿ ಎಲ್ಲರ ಬಾಯಲ್ಲೂ ಅವನು ‘ಹಲೋ’. ಯಾವ ಫೋನು ರಿಪೇರಿ ಮಾಡಿದರೂ ಅದನ್ನು ಕಿವಿಗೆ ಹಿಡಿದು ಹಲೋ ಹಲೋ ಎಂದು ಅರಚಿ, ಆ ಕಡೆಯಿಂದ ಯಾರಾದರೂ ಬೈದ ಮೇಲೆಯೇ ಕೆಳಗಿಡುವ ಆಸಾಮಿ. ಮನೆಯಲ್ಲಿ ಹೆಂಡತಿ ಒಳಗಿಂದ ಕರೆದರೂ ‘ಹಲೋ’ ಎಂದೇ ಓಗೊಡುತ್ತಿದ್ದ. “ಮಗಳು ಹೈಸ್ಕೂಲಿಗೆ ಬಂದ್ಲು, ಇವರಿಗೆ ನಾನಿನ್ನೂ ರಾಂಗ್ ನಂಬರ್ರೇ” ಎಂದು ಅವಳು ನಗುತ್ತಿದ್ದಳು. ಕೈ ಬಹಳ ಚುರುಕು. ಕಾಲು ಮಾತ್ರ ಮೈಗಳ್ಳ. ಕುರ್ಚಿಯಲ್ಲಿ ಕೂತೇ ಮುಗಿಸಬಹುದಾದ ಕೆಲಸಕ್ಕೆ ಎದ್ದು ಹೋಗುವುದೆಂದರೆ ಅವನಿಗೆ ಆಗಿಬರದು. ಅದನ್ನೂ ಎಲ್ಲರೂ ತಮಾಷೆಯಾಗಿಯೇ ತೆಗೆದುಕೊಂಡಿದ್ದರು.

ಕಂಪನಿಯದು ಲಿಫ್ಟುಗಳ ಉಸ್ತುವಾರಿ. ನಗರದ ತುಂಬ ಅವರು ನೋಡಿಕೊಳ್ಳುವ ಲಿಫ್ಟುಗಳು, ಪ್ರತಿಯೊಂದರಲ್ಲೂ ಒಂದು ಕೆಂಪು ಗುಂಡಿ. ನಡುವೆ ಸಿಕ್ಕಿಕೊಂಡವರು ಅದನ್ನು ಒತ್ತಿದರೆ ಆಫೀಸಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅಕ್ಕನ ಮುಂದೆ ದೀಪ ಹತ್ತುತ್ತದೆ. ಅವಳು ಎಲ್ಲರಿಗೂ ಅಕ್ಕ, ಸಾಹೇಬರಿಗೂ ಅಕ್ಕ. ಗಂಡ ಹೋದ ಮೇಲೆ ಈ ಕೆಲಸಕ್ಕೆ ಸೇರಿದವಳು, ಹೆಡ್‌ಫೋನು ಹಾಕಿ ಹಾಕಿ ತಲೆನೋವನ್ನು ಕಾಯಂ ಮಾಡಿಕೊಂಡವಳು. ಲಿಫ್ಟಿನಲ್ಲಿ ಹೆದರಿ ಅಳುವವರನ್ನು ಮಾತಾಡಿಸುತ್ತಲೇ ಸಮಾಧಾನ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕಟ್ಟಡದ ಮಕ್ಕಳಿಗೆ ಆ ಗುಂಡಿ ಆಟದ ಸಾಮಾನು. ಒತ್ತಿ ಓಡಿಹೋಗುತ್ತವೆ, ಈ ಕಡೆ ಬರೀ ಮೌನ. ಅವಕ್ಕೆ ಅಕ್ಕ ಇಟ್ಟ ಹೆಸರು ಖಾಲಿ ಕರೆ. ಎರಡು ಸಲ ‘ಯಾರದು’ ಎಂದು ಕೇಳಿ, ಗದರಿ, ಕಟ್ ಮಾಡುವುದು ಅವಳ ರೂಢಿ.

ಆ ಮಂಗಳವಾರ ಮಧ್ಯಾಹ್ನ ಒಂದೇ ಲಿಫ್ಟಿನಿಂದ ಮೂರು ಖಾಲಿ ಕರೆ ಬಂದವು. ಮೂರನೆಯದಕ್ಕೆ ಅಕ್ಕನಿಗೆ ರೇಗಿತು. “ನಾಚಿಕೆ ಆಗಲ್ವಾ ನಿನಗೆ? ಇನ್ನೊಂದು ಸಲ ಒತ್ತಿ ನೋಡು, ಬಂದು ಕೈ ಮುರೀತೀನಿ” ಎಂದಳು. ಆಮೇಲೆ ಆ ದೀಪ ಹತ್ತಲಿಲ್ಲ. ಬುದ್ಧಿ ಬಂತು ಎಂದುಕೊಂಡಳು. ಸಂಜೆ ಕಟ್ಟಡದವರು ನಡುವೆ ನಿಂತುಹೋದ ಲಿಫ್ಟಿನ ಬಾಗಿಲು ಮೀಟಿ ತೆಗೆದಾಗ, ಊಟಕ್ಕೆಂದು ಮನೆಗೆ ಬರುತ್ತಿದ್ದ ಬಸ್ ಡ್ರೈವರ್ ಒಬ್ಬ ಮೂಲೆಗೆ ಒರಗಿ ಕೂತಿದ್ದ. ಎದೆ ಬಡಿತ ನಿಂತು ಎಷ್ಟೋ ಹೊತ್ತಾಗಿತ್ತು.

ಗುರುವಾರ ಬೆಳಿಗ್ಗೆ ಸಾಹೇಬರು ಹಲೋನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. “ಒಂದೋ ನಿನ್ನ ಫೋನು ತಪ್ಪು, ಇಲ್ಲಾ ಅಕ್ಕ ತಪ್ಪು. ಯಾವುದು ಅಂತ ಇವತ್ತೇ ಹೇಳು. ಅಕ್ಕ ಅಂತಾದ್ರೆ ನಾಳೆಯಿಂದ ಅವರು ಬರೋದು ಬೇಡ.”

ಹಲೋ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ತಡಕಾಡಿದ. ಫೋನುಗಳ ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು. ಮೇಜಿನಿಂದ ಮೇಜಿಗೆ ಮಾತು ಸ್ಪಷ್ಟ. ಯಾರಿಂದಲೋ ಆಫೀಸಿನದೇ ಲಿಫ್ಟಿನ ಗುಂಡಿ ಒತ್ತಿಸಿದ, ಅದೂ ಸ್ಪಷ್ಟ. ಮಂಗಳವಾರದ ಮೂರೂ ಕರೆ ಬಂದದ್ದು, ಎತ್ತಿದ್ದು, ಇಟ್ಟದ್ದು ಎಲ್ಲ ದಾಖಲಾಗಿತ್ತು. ಫೋನಿನಲ್ಲಿ ತಪ್ಪಿಲ್ಲ ಎಂದರೆ ಉಳಿದವಳು ಅಕ್ಕ ಒಬ್ಬಳೇ.

ಅವಳು ಬಂದು ಬಾಗಿಲಲ್ಲಿ ನಿಂತಳು. ಎರಡು ದಿನಕ್ಕೇ ಮುಖ ಬತ್ತಿಹೋಗಿತ್ತು. “ತಮ್ಮಾ, ಕೆಲಸ ಹೋದ್ರೆ ಹೋಗ್ಲಿ. ನನಗೆ ಒಂದೇ ಒಂದು ಹೇಳು. ನಾನು ಅಂದದ್ದು ಅವರ ಕಿವಿಗೆ ಬಿತ್ತಾ?”

“ನೋಡಿ ಹೇಳ್ತೀನಿ ಅಕ್ಕಾ.”

“ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ಸಾಯೋ ಮನುಷ್ಯನಿಗೆ ಕೈ ಮುರೀತೀನಿ ಅಂದ್ನಾ ನಾನು?”

ಅವತ್ತು ಹಲೋ, ಅಲ್ಲಿಗೇ ಹೋಗಿ ನೋಡ್ತೀನಿ ಎಂದು ಕುರ್ಚಿ ಬಿಟ್ಟು ಎದ್ದ. ಬಸ್ಸು ಹಿಡಿದು ಆ ಕಟ್ಟಡಕ್ಕೇ ಹೋದ. ಲಿಫ್ಟನ್ನು ತೊಳೆದಿದ್ದರು, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೆಂಪು ಗುಂಡಿಯ ಸುತ್ತ ಮಾತ್ರ ಬೆರಳುಗಳ ಜಿಡ್ಡು ಹಾಗೆಯೇ ಉಳಿದಿತ್ತು. ಬಾಗಿಲು ಮುಚ್ಚಿಕೊಂಡು ಒತ್ತಿದ.

“ಹೇಳಿ, ಯಾರಿದ್ದೀರಾ?” ಅಕ್ಕನ ದನಿ ಪಕ್ಕದಲ್ಲೇ ನಿಂತಂತೆ ಬಂತು.

“ಹಲೋ, ಅಕ್ಕಾ, ಹಲೋ.”

“ಹೇಳಿ. ಯಾರಿದ್ದೀರಾ?”

ಹಲೋ ಗಂಟಲು ಹರಿಯುವಂತೆ ಕೂಗಿದ. ಬಾಯನ್ನು ಆ ಸಣ್ಣ ತೂತುಗಳಿಗೆ ಹಚ್ಚಿ ಕೂಗಿದ. ತಗಡಿನ ಗೋಡೆ ಬಡಿದ.

“ಏನೂ ಕೇಳಿಸ್ತಿಲ್ಲಪ್ಪ. ತಮ್ಮಾ, ನೀನೇನಾ? ನೀನೇ ಆದ್ರೆ ಬರುವಾಗ ತಲೆನೋವಿನ ಮಾತ್ರೆ ತಗೊಂಡು ಬಾ. ತಲೆ ಸಿಡೀತಿದೆ” ಎಂದಳು, ಅರ್ಧ ತನಗೇ ಹೇಳಿಕೊಂಡಂತೆ. ಆಮೇಲೆ ಕಟ್ ಆಯಿತು.

ಹಲೋನಿಗೆ ಆಗ ಹೊಳೆಯಿತು. ಡ್ರೈವರು ಕೂಗಿದ್ದು ಅಕ್ಕನಿಗೆ ಒಂದು ಅಕ್ಷರವೂ ತಲುಪಿಲ್ಲ. ಅಕ್ಕ ಬೈದದ್ದು ಮಾತ್ರ ಅವನಿಗೆ ಒಂದು ಅಕ್ಷರವೂ ಬಿಡದೆ ತಲುಪಿದೆ. ಅದಾದ ಮೇಲೆ ಅವನು ಗುಂಡಿ ಒತ್ತಲಿಲ್ಲ. ಒತ್ತಲು ಆಗಲಿಲ್ಲವೋ, ಒತ್ತುವುದು ಬೇಡವೆನಿಸಿತೋ, ಅದನ್ನು ಹೇಳಲು ಈಗ ಯಾರೂ ಇಲ್ಲ.

ಹಲೋ ಹೇಗೆ ವಾಪಸು ಬಂದನೋ ಅವನಿಗೇ ಗೊತ್ತಿಲ್ಲ. ತಲೆಯೊಳಗೆ ಬೇರೆಯೇ ಓಡುತ್ತಿತ್ತು. ಬೀದಿ ಕೊನೆಯ ಔಷಧದ ಅಂಗಡಿಯಲ್ಲಿ ಕೈ ತಾನಾಗಿ ದುಡ್ಡು ಕೊಟ್ಟಿತು. ಅಕ್ಕ ಯಾರೊಂದಿಗೋ ಆಫೀಸಿನ ಫೋನಿನಲ್ಲಿದ್ದಳು. ಮಾತ್ರೆಯ ಪಟ್ಟಿಯನ್ನು ಅವಳ ಮೇಜಿನ ಮೇಲಿಟ್ಟು ಸೀದಾ ಸರ್ವರ್ ಕೋಣೆಗೆ ನಡೆದ.

ಎಲ್ಲಿ ನೋಡಬೇಕೆಂದು ಈಗ ಗೊತ್ತಿತ್ತು. ಹೋದ ಶನಿವಾರವಷ್ಟೇ ಅವನೇ ಆ ಸರ್ವರಿಗೆ ಎರಡನೇ ನೆಟ್‌ವರ್ಕ್ ಕಾರ್ಡು ಹಾಕಿದ್ದ. ಒಂದು ಆಫೀಸಿನ ಫೋನುಗಳಿಗೆ, ಇನ್ನೊಂದು ಹೊರಗಿನ ಲಿಫ್ಟುಗಳಿಗೆ. ಒಂದೇ ಮನೆಗೆ ಎರಡು ಬೀದಿಯ ಕಡೆಗೂ ಒಂದೊಂದು ಬಾಗಿಲು ಇಟ್ಟ ಹಾಗೆ. ಕರೆ ಬಂದಾಗ ಸರ್ವರ್ ‘ನಿನ್ನ ಮಾತನ್ನು ಈ ವಿಳಾಸಕ್ಕೆ ಕಳಿಸು’ ಎಂದು ಲಿಫ್ಟಿಗೆ ತಿಳಿಸಬೇಕು. ಅದು ತಿಳಿಸುತ್ತಿದ್ದದ್ದು ಆಫೀಸಿನ ಕಡೆಯ ಬಾಗಿಲಿನ ವಿಳಾಸ. ಲಿಫ್ಟುಗಳಿಂದ ಆ ಬೀದಿಗೆ ದಾರಿಯೇ ಇಲ್ಲ. ಒಳಗಿನವರ ಕೂಗೆಲ್ಲ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಅಕ್ಕನ ಮಾತು ಮಾತ್ರ ಸರಿಯಾದ ಬಾಗಿಲಿನಿಂದ ಹೊರಟು ನೆಟ್ಟಗೆ ಹೋಗುತ್ತಿತ್ತು. ಕಾರ್ಡು ಹಾಕಿದ ದಿನ ಹಲೋ ಪರೀಕ್ಷೆ ಮಾಡಿದ್ದು ಆಫೀಸಿನ ಲಿಫ್ಟಿನಿಂದ, ಅದರ ತಂತಿ ಮೊದಲಿನಿಂದಲೂ ಒಳಗಿನ ಕಡೆಗೇ ಸೇರಿದ್ದು. ಹೊರಗೆ ಒಂದು ಕಟ್ಟಡಕ್ಕೆ ಹೋಗಿ ಬಂದಿದ್ದರೆ ಸಾಕಿತ್ತು. ಬಿಸಿಲು ಎಂದು ಹೋಗಿರಲಿಲ್ಲ.

ಒಂದು ಸಾಲು ತಿದ್ದಿದ. ಅಷ್ಟೇ ಕೆಲಸ.

ಸಾಹೇಬರಿಗೆ ತಪ್ಪು ತನ್ನದೆಂದು ಹೇಳಿದ. ಯಾವ ಕಡೆಯ ಮಾತು ನಿಂತಿತ್ತು, ಯಾವುದು ಹೋಗುತ್ತಿತ್ತು ಎಂದು ಅವರು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ತಲೆ, ಅದು ಸಿಕ್ಕಿತ್ತು.

ಅಕ್ಕ ಹೆಡ್‌ಫೋನು ತೆಗೆದಿಟ್ಟು ಕಾಯುತ್ತಿದ್ದಳು.

“ನಿಮ್ಮ ತಪ್ಪಿಲ್ಲ ಅಕ್ಕಾ. ಎಡವಟ್ಟು ನನ್ನದು. ಸಾಹೇಬರಿಗೂ ಹೇಳಿದೀನಿ.”

“ನಾನು ಕೇಳಿದ್ದು ಅದಲ್ಲ.”

ಮೆಟ್ಟಿಲ ಮೇಲೆ ಹೇಳಿ ಹೇಳಿ ರೂಢಿ ಮಾಡಿಕೊಂಡು ಬಂದ ಸುಳ್ಳು ತಡವರಿಸದೆ ಹೊರಬಂತು. “ಎರಡೂ ಕಡೆ ಸತ್ತುಹೋಗಿತ್ತು ಅಕ್ಕಾ. ಅವರದ್ದು ನಿಮಗೆ ಬರಲಿಲ್ಲ, ನಿಮ್ಮದು ಅವರಿಗೆ ಹೋಗಲಿಲ್ಲ. ನಾನೇ ಆ ಲಿಫ್ಟಲ್ಲಿ ನಿಂತು ನೋಡಿದೆ. ಒಂದು ಸದ್ದೂ ಇಲ್ಲ.”

ಅಕ್ಕ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. ಅಂಗೈಯಿಂದ ಮುಖ ಒರೆಸಿಕೊಂಡಳು. “ಅಷ್ಟು ಸಾಕು ತಮ್ಮಾ. ನಿನ್ನ ಹೊಟ್ಟೆ ತಣ್ಣಗಿರಲಿ” ಎಂದಳು. ಹಲೋ ಗೋಡೆಯ ಕಡೆ ನೋಡಿದ.

ಅವಳು ನೀರಿನ ಬಾಟಲಿ ತೆಗೆದು, ಮೇಜಿನ ಮೇಲಿದ್ದ ಪಟ್ಟಿ ಎಳೆದುಕೊಂಡು ಒಂದು ಮಾತ್ರೆ ಒತ್ತಿ ತೆಗೆದಳು. ಬಾಯಿಯವರೆಗೆ ಹೋದ ಕೈ ಅಲ್ಲೇ ನಿಂತಿತು. ಮಾತ್ರೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

“ಇದನ್ನ ತಾ ಅಂತ ನಿನಗೆ ಹೇಳಿದ್ದು ಯಾರು ತಮ್ಮಾ?”

ಹಲೋ ಪಟ್ಟಿಯನ್ನು ವಾಪಸು ತೆಗೆದುಕೊಳ್ಳುವವನಂತೆ ಕೈ ಚಾಚಿದ. 

ಅಕ್ಕ ಮಾತ್ರೆಯನ್ನು ಮೇಜಿನ ಮೇಲೆ ಇಟ್ಟಳು. “ಎಲ್ಲಾ ಕೇಳಿಸಿದೆ ಅವರಿಗೆ” ಎಂದಳು.