ತೊಗಲಿನ ಸೋಫಾಕ್ಕೆ ಒಂದು ಮಳೆಗಾಲದ ಗಡುವು

ಆಗೆಲ್ಲ ನಮ್ಮ ಮಂಗಲ್ಪಾಡಿಯಲ್ಲಿ ಕೂರುವುದೆಂದರೆ ಚಾಪೆ, ಮಣೆ, ಇಲ್ಲದಿದ್ದರೆ ಜಗಲಿಯ ಅಂಚು. ತಕ್ಕಮಟ್ಟಿಗೆ ಅನುಕೂಲ ಇದ್ದವರ ಮನೆಯಾದರೆ ಚಾವಡಿಯಲ್ಲಿ ಒಂದು ಬೆಂಚು, ಯಜಮಾನರಿಗೊಂದು ಆರಾಮ ಕುರ್ಚಿ, ಅಷ್ಟೇ. ಇಂಗ್ಲಿಷರು ಗಂಟುಮೂಟೆ ಕಟ್ಟಿ ಹೊರಟ ಕಾಲ ಅದು. ಮಂಗಳೂರಿನ ಬಂಗಲೆಗಳ ಮಂಚ, ಕಪಾಟು, ಕನ್ನಡಿ ಎಲ್ಲವೂ ಒಂದೊಂದಾಗಿ ಏಲಂಗೆ, ಅಂದರೆ ಹರಾಜಿಗೆ, ಬರುತ್ತಿದ್ದವು. ಅಂಥದೊಂದು ಏಲಂನಿಂದ ನಮ್ಮ ಮನೆಗೆ ತೊಗಲಿನ ಸೋಫಾ ಬಂದಾಗ ನನಗೆ ಒಂಬತ್ತು ವರ್ಷ. ಅಬ್ಬಾ, ಆ ವರ್ಷದ ಮಳೆಗಾಲ!

ನಮ್ಮದು ತುಳು ಮಾತಾಡುವ, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆ. ಅಮ್ಮನ ಅಣ್ಣ ನಾರಾಯಣ ಮಾವನೇ ಯಜಮಾನರು. ಆದರೆ ಯಜಮಾನರ ಮೇಲೂ ಒಬ್ಬರು ಯಜಮಾನರಿದ್ದರು, ಅವರ ತಾಯಿ, ನಮ್ಮ ಅಜ್ಜಿ. ಮಾವನಿಗೆ ಹೊಸತೆಂದರೆ ಹುಚ್ಚು, ಅಜ್ಜಿಗೆ ಹೊಸತೆಂದರೆ ತಲೆನೋವು. ಇಬ್ಬರ ನಡುವೆ ನಮ್ಮಂಥ ಮಕ್ಕಳಿಗೆ ದಿನಾ ಹಬ್ಬ.

ತನ್ನ ದೇಶಕ್ಕೆ ಹೊರಟಿದ್ದ ಹಂಚಿನ ಕಾರ್ಖಾನೆಯ ದೊರೆಯ ಸಾಮಾನು ಏಲಂ ಆಗುತ್ತದೆಂದು ತಿಳಿದದ್ದೇ ತಡ, ಮಾವ ಜರಿಯ ಶಾಲು ಹೊದ್ದುಕೊಂಡು ಹೊರಟರು. ಅತ್ತು ಕರೆದು ನಾನೂ ಜೊತೆಗೆ ಹೊರಟೆ. ಉಪ್ಪಳದಲ್ಲಿ ರೈಲು ಹತ್ತಿ, ಕಣ್ಣಿಗೆ ಕಲ್ಲಿದ್ದಲ ಕಿಡಿ ಹಾರಿಸಿಕೊಂಡು, ನೇತ್ರಾವತಿಯ ಸೇತುವೆ ಬಂದಾಗ ಕಿರುಚಿ, ಮಂಗಳೂರು ಮುಟ್ಟಿದೆವು. ಬಂಗಲೆಯ ಹಜಾರದಲ್ಲಿ ಆ ಸೋಫಾ ಕೂತಿತ್ತು. ಕಾಫಿಪುಡಿಯ ಬಣ್ಣ, ಮೂರು ಜನ ಕೂರುವಷ್ಟು ಉದ್ದ, ಅಂಚಿಗೆಲ್ಲ ಹಿತ್ತಾಳೆಯ ಗುಬುಟು ಮೊಳೆ. ನಾನು ಬಾಯಿ ಬಿಟ್ಟವಳು ಮುಚ್ಚಲೇ ಇಲ್ಲ.

ಬಂಗಲೆಯ ಅಡುಗೆಯವರು ಪಾಸ್ಕಲ್ ಪೊರ್ಬು ಎಂಬ ಮುದುಕರು. ವರ್ಷಗಟ್ಟಲೆ ಆ ಸೋಫಾದ ಧೂಳು ಒರೆಸಿದವರು. ಅವರೇ ಮಾವನ ಕಿವಿಯ ಹತ್ತಿರ ಬಂದರು.

"ಹೊಳಪು ನೋಡಿ ಮರುಳಾಗಬೇಡಿ. ಹೆಬ್ಬೆಟ್ಟು ಊರಿ ನೋಡಿ. ನೆರಿಗೆ ಬಿತ್ತಲ್ಲ? ನಮ್ಮ ಕೈಯ ಚರ್ಮದ ಹಾಗೆಯೇ. ಅದು ಅಸಲು. ಬಣ್ಣ ಬಳಿದ ಬಟ್ಟೆಯಾದ್ರೆ ಬರೀ ತಗ್ಗು ಬೀಳ್ತದೆ. ಈಗ ಎದುರಿನ ಒಂದು ಕಾಲು ಎತ್ತಿ. ಪಕ್ಕದ ಕಾಲೂ ಒಟ್ಟಿಗೇ ಏಳಬೇಕು. ಎದ್ದಿತಾ? ಚೌಕಟ್ಟು ಗಟ್ಟಿ ಉಂಟು."

ಮಾವ ಅಷ್ಟಕ್ಕೇ ಬಿಡುವವರಲ್ಲ. ಜರಿಯ ಶಾಲು ಹೊದ್ದುಕೊಂಡೇ ನೆಲದ ಮೇಲೆ ಬೋರಲು ಮಲಗಿ, ಸೋಫಾದ ಅಡಿಗೆ ತಲೆ ತೂರಿಸಿ, ಮರವನ್ನು ಬೆರಳಿನಿಂದ ಬಡಿದು, "ಸಾಗುವಾನಿ ಮಾರಾಯ್ರೇ!" ಎಂದು ಒಳಗಿನಿಂದಲೇ ಕೂಗಿದರು. ಏಲಂಗೆ ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕೂಗು ಶುರುವಾದಾಗ ಕೈ ಎತ್ತಿದ ಮಾವ ಮತ್ತೆ ಇಳಿಸಲೇ ಇಲ್ಲ. ಬೇರೆಯವರು ಬೇಸತ್ತು ಸುಮ್ಮನಾದರು, ಸೋಫಾ ನಮ್ಮದಾಯಿತು.

ಹೊರಡುವಾಗ ಪಾಸ್ಕಲ್ ಪೊರ್ಬು ಮೇಣದ ಅರ್ಧ ಡಬ್ಬವನ್ನು ನನ್ನ ಕೈಗೇ ಕೊಟ್ಟರು. "ತಿಂಗಳಿಗೊಮ್ಮೆ, ಕಡಲೆಕಾಳಿನಷ್ಟು ಸಾಕು. ದಿನಾ ಒಣ ಬಟ್ಟೆಯಲ್ಲಿ ಒರೆಸು. ಬಿಸಿಲಿಗೆ ಇಡಬೇಡ, ಗೋಡೆಗೆ ಒತ್ತಿ ಇಡಬೇಡ. ಕೇಳಿತಾ ಬಾಯಿ?" ಎಂದು, ಅವರ ಕೊಂಕಣಿಯಲ್ಲಿ ಮಗಳನ್ನು ಕರೆಯುವ ಹಾಗೆ ಕರೆದು, ಸೋಫಾದ ಬೆನ್ನನ್ನು ಎರಡು ಸಲ ತಟ್ಟಿ ಒಳಗೆ ಹೋದರು.

ಗೂಡ್ಸ್ ರೈಲಿನಲ್ಲಿ ಉಪ್ಪಳಕ್ಕೆ ಬಂದ ಸೋಫಾ ಅಲ್ಲಿಂದ ಎತ್ತಿನ ಗಾಡಿ ಏರಿತು. ಅದರ ಮೇಲೆ ನಾನು! ಊರಿನ ಮಕ್ಕಳೆಲ್ಲ ಹೋ ಎಂದು ಗಾಡಿಯ ಹಿಂದೆ ಓಡಿ ಬರುತ್ತಿದ್ದರು. ಗಾಡಿ ಗುಂಡಿಗೆ ಬಿದ್ದಾಗೆಲ್ಲ ಸ್ಪ್ರಿಂಗು ನನ್ನನ್ನು ಒಂದು ಮೊಳ ಮೇಲಕ್ಕೆ ಹಾರಿಸುತ್ತಿತ್ತು. ಅಂಥ ಮೆರವಣಿಗೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಚಾವಡಿಯ ಮೆಟ್ಟಿಲಿನಲ್ಲಿ ಅಜ್ಜಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು.

"ಎಂತ ಅದು ನಾರಾಯಣ?"

"ಸೋಫಾ ಅಮ್ಮ. ಕೂತುಕೊಳ್ಳುವುದು."

"ಅದು ಗೊತ್ತಾಯ್ತು. ಎಂತದ್ದರಲ್ಲಿ ಮಾಡಿದ್ದು?"

ಮಾವ ಕೆಮ್ಮಿದರು. ನಾನು ಬಾಯಿ ಹಾಕಿ "ತೊಗಲು ಅಜ್ಜೀ, ಅಸಲು!" ಎಂದುಬಿಟ್ಟೆ.

"ದೈವದ ಉಯ್ಯಾಲೆ ಇರುವ ಚಾವಡಿಗೆ ಸತ್ತ ದನದ ತೊಗಲಾ? ನಿನಗೆ ತಲೆ ಸರಿ ಉಂಟಾ?"

"ಅಲ್ಲಮ್ಮ, ದೈವಕ್ಕೆ ನೇಮ ಕೊಡುವ ದಿನ ಅದರ ಎದುರೇ ಚೆಂಡೆ ಬಡಿಯುತ್ತಾರಲ್ಲ, ಅದು ಎಂತದ್ದರದ್ದು? ಕುಂಬಳಕಾಯಿ ಸಿಪ್ಪೆಯದ್ದಾ?"

ಅಜ್ಜಿ ನಗು ತಡೆದುಕೊಂಡದ್ದು ನನಗೆ ಕಂಡಿತು. ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದು ತೀರ್ಪು ಕೊಟ್ಟರು. "ಒಂದು ಮಳೆಗಾಲ ಇರಲಿ. ಗದ್ದೆಯ ಹೊಸ ಬೆಳೆ ಬಂದು ಹೊಸ ಅಕ್ಕಿ ಊಟ ಮಾಡುವ ದಿನ ನಾನೇ ಕೂತು ನೋಡುತ್ತೇನೆ. ಬೂಷ್ಟು ಹಿಡಿದರೆ, ವಾಸನೆ ಬಂದರೆ ಹಟ್ಟಿಗೆ. ಕರು ಮಲಗಲಿ ಅದರಲ್ಲಿ."

"ಆಯ್ತು. ಗಿರಿಜೆ ನೋಡಿಕೊಳ್ಳುತ್ತಾಳೆ," ಎಂದು ಮಾವ ಆ ಭಾರವನ್ನೆಲ್ಲ ನನ್ನ ತಲೆಗೆ ಹಾಕಿದರು. ನನಗೋ, ರಾಜ್ಯ ಸಿಕ್ಕಿದಷ್ಟು ಖುಷಿ.

ಬೆಳಗ್ಗೆ ಒರೆಸು, ಸಂಜೆ ಒರೆಸು. ಮೊಳೆಗಳನ್ನು ಹುಣಸೆಹುಳಿ ಹಾಕಿ ಒಂದೊಂದಾಗಿ ಉಜ್ಜು. ತಿಂಗಳಿಗೊಮ್ಮೆ ಕಡಲೆಕಾಳಿನಷ್ಟು ಎಂದಿದ್ದ ಮೇಣವನ್ನು ನಾನು ಪ್ರೀತಿ ಹೆಚ್ಚಾಗಿ ವಾರಕ್ಕೆರಡು ಸಲ ನೆಲ್ಲಿಕಾಯಿಯಷ್ಟು ಮೆತ್ತಿದೆ. ಆಟಿ ತಿಂಗಳು ಬರುವಷ್ಟರಲ್ಲಿ ಡಬ್ಬದ ತಳ ಕಂಡಿತು. ಆಟಿಯೆಂದರೆ ನಮ್ಮಲ್ಲಿ ಮಳೆಯ ನಡುಮಧ್ಯ. ಹೊರಗೆ ಕಾಲಿಡುವ ಹಾಗಿಲ್ಲ, ಮನೆಯಿಡೀ ಪತ್ರೊಡೆಯ, ಸುಟ್ಟ ಒಣಮೀನಿನ ವಾಸನೆ. ನಾವು ಮಕ್ಕಳು ಸೋಫಾದ ಮೇಲೆ ಚೆನ್ನೆಮಣೆ ಇಟ್ಟು ಆಡುವುದು, ಸೋತವರು ಕಾಯಿಗಳನ್ನು ಎರಚುವುದು. ಅಂಥ ಒಂದು ದಿನ ನೋಡುತ್ತೇನೆ, ಸೋಫಾದ ಬೆನ್ನಿನ ಹಿಂದೆ ಬಿಳಿ ಬಿಳಿ ಬೂಷ್ಟು!

ಯಾರನ್ನು ಕೇಳುವುದು? ನನ್ನದೇ ಬುದ್ಧಿ ಓಡಿಸಿದೆ. ನಮ್ಮ ಊರಿನಲ್ಲಿ ಎಲ್ಲದಕ್ಕೂ ಮದ್ದು ತೆಂಗಿನೆಣ್ಣೆ. ತಲೆ ಒಣಗಿದರೆ ಎಣ್ಣೆ, ಹಿಮ್ಮಡಿ ಒಡೆದರೆ ಎಣ್ಣೆ, ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಹುಟ್ಟಿದ ಮಗುವಿನ ನೆತ್ತಿಗೂ ಎಣ್ಣೆ. ತೊಗಲೂ ಚರ್ಮವೇ ಅಲ್ಲವಾ? ಅಡುಗೆಮನೆಯಿಂದ ಒಂದು ಚೊಂಬು ಎಣ್ಣೆ ಕದ್ದು ತಂದು, ಅಮ್ಮ ನನಗೆ ಅಭ್ಯಂಜನ ಮಾಡಿಸುವ ಹಾಗೆಯೇ ಸೋಫಾಕ್ಕೆ ತಿಕ್ಕಿ ತಿಕ್ಕಿ ಕುಡಿಸಿದೆ. ಏನು ಹೊಳಪು ಅಂತೀರಿ! "ಶಾಭಾಸ್ ಗಿರಿಜೆ," ಎಂದು ಮಾವ ಬೆನ್ನು ತಟ್ಟಿದರು. ಎರಡು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮೂರನೆಯ ದಿನ ಇರುವೆಗಳ ಸಾಲು ಬಂತು. ವಾರ ಕಳೆಯುವಷ್ಟರಲ್ಲಿ ಕಮಟು ವಾಸನೆ ಎದ್ದಿತು. ಸೋಫಾದ ಮೇಲೆ ಕೂತಿದ್ದ ಮಾವ ಬಂದ್ಯೋಡಿನ ಪೇಟೆಗೆಂದು ಎದ್ದರೆ, ಉಟ್ಟ ಬಿಳಿ ಮುಂಡಿನ ಹಿಂಭಾಗದಲ್ಲಿ ದೋಸೆಕಾವಲಿಯಷ್ಟು ಅಗಲ ಎಣ್ಣೆಯ ಕಲೆ. ನಾನು ಗೋಳೋ ಎಂದು ಅತ್ತು ಎಲ್ಲ ಒಪ್ಪಿಕೊಂಡೆ. ಅಜ್ಜಿ ಮೂಗು ಅರಳಿಸಿ, "ಹಟ್ಟಿಯಲ್ಲಿ ಜಾಗ ಮಾಡಿಸಲಾ ನಾರಾಯಣ?" ಎಂದರು. ಹೊಸ ಅಕ್ಕಿ ಊಟಕ್ಕೆ ಉಳಿದಿದ್ದದ್ದು ಹತ್ತೇ ದಿನ.

ಮಾವ ಬೈಯಲಿಲ್ಲ. ಮರುದಿನ ಬೆಳಗ್ಗೆಯೇ ಬಂದ್ಯೋಡಿನಿಂದ ಐತಪ್ಪನನ್ನು ಕರೆಸಿದರು. ಪೇಟೆಯ ಮರದಡಿಯಲ್ಲಿ ಚಪ್ಪಲಿ ಹೊಲಿಯುವವನು, ಚೆಂಡೆಗೆ ತೊಗಲು ಬಿಗಿಯುವವನು. ಅಜ್ಜನ ಪ್ರಾಯದ ಅವನನ್ನು ನಾವು ಮಕ್ಕಳೂ 'ಐತ' ಎಂದೇ ಕರೆಯುತ್ತಿದ್ದೆವು. ಅವನು ನನ್ನನ್ನು 'ಸಣ್ಣಕ್ಕೆ', ಅಂದರೆ ಚಿಕ್ಕಕ್ಕ, ಎನ್ನುತ್ತಿದ್ದ. ತೊಗಲು ಚಾವಡಿಗೆ ಏರಿತ್ತು, ತೊಗಲಿನ ಕೆಲಸದವನು ಏರುವಂತಿರಲಿಲ್ಲ. ಹಾಗಾಗಿ ನಾಲ್ಕು ಜನ ಸೇರಿ ಸೋಫಾವನ್ನೇ ಅಂಗಳದಾಚೆಯ ಗಾಡಿಕೊಟ್ಟಿಗೆಗೆ ಹೊತ್ತರು.

ಐತಪ್ಪ ಸೋಫಾವನ್ನು ಮೂಸಿ ನೋಡಿ ನಕ್ಕ. "ಯಾರು ಸಣ್ಣಕ್ಕೆ ಇದಕ್ಕೆ ಎಣ್ಣೆಸ್ನಾನ ಮಾಡಿಸಿದ್ದು?"

"ನಾನೇ," ಎಂದೆ ತಲೆ ತಗ್ಗಿಸಿ.

"ಹೆದರಬೇಡಿ. ಒಳ್ಳೆ ತೊಗಲು, ಇಷ್ಟಕ್ಕೆಲ್ಲ ಸಾಯುವುದಿಲ್ಲ."

ಅಷ್ಟೂ ದಿನ ನಾನು ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮೊದಲು ಒಣಗಿದ ಗೋಪಿಮಣ್ಣಿನ ಪುಡಿ ಹಾಕಿ ಎಣ್ಣೆ ಹೀರಿಸಿದ. ಆಮೇಲೆ ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ, ಗಟ್ಟಿ ಹಿಂಡಿ, ಇಷ್ಟಿಷ್ಟೇ ಜಾಗ ಒರೆಸಿದ. ಬಿಸಿಲು ಬಂದಾಗ ನಾನು "ಹೊರಗೆ ಇಡೋಣ" ಎಂದರೆ, "ಬೇಡ, ಒಡೆಯುತ್ತದೆ. ಗಾಳಿ ಸಾಕು," ಎಂದು ಕಾಲುಗಳ ಅಡಿಗೆ ಕಲ್ಲು ಕೊಟ್ಟ. ಸಂದಿಯಲ್ಲಿ ಕೈ ಹಾಕಿ ಚೆನ್ನೆಮಣೆಯ ಹದಿನೇಳು ಕಾಯಿ ಹೊರಗೆ ತೆಗೆದುಕೊಟ್ಟ! ಕೊನೆಗೆ ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ, ಆರಿಸಿ, ಅಂಗೈಯಿಂದ ತಿಕ್ಕಿದ. ಜೇನಿನ ಆ ಪರಿಮಳಕ್ಕೆ ನಾನು ಸೋಫಾದ ತೋಳಿಗೆ ಮೂಗು ಇಟ್ಟೇ ಕೂತಿದ್ದೆ. ಬಣ್ಣ ಮೊದಲಿನದಕ್ಕಿಂತಲೂ ಚಂದ ಬಂತು.

ಊಟದ ಹಿಂದಿನ ದಿನ ಮಧ್ಯಾಹ್ನ ಕೆಲಸ ಮುಗಿಯಿತು. "ಒಬ್ಬರು ಭಾರದವರು ಕೂತು ನೋಡಬೇಕಿತ್ತು, ಸ್ಪ್ರಿಂಗು ಸರಿ ಉಂಟಾ ಅಂತ," ಎಂದ ಐತಪ್ಪ. ಮನೆಯವರೆಲ್ಲ ಹೊಸ ಭತ್ತದ ಕದಿರು ತರಲು ಗದ್ದೆಗೆ ಇಳಿದಿದ್ದರು.

"ನೀನೇ ಕೂತ್ಕೋ," ಎಂದೆ.

ಅವನು ಅತ್ತ ಇತ್ತ ನೋಡಿದ. ಉಟ್ಟ ಬಟ್ಟೆಯ ಹಿಂಭಾಗವನ್ನು ಎರಡೂ ಕೈಯಿಂದ ಕೊಡವಿಕೊಂಡ. ಆಮೇಲೆ ಮೆಲ್ಲ ಕೂತ. ಬೆನ್ನು ಒರಗಿಸಲಿಲ್ಲ. ಕಣ್ಣು ಮುಚ್ಚಿ, ತೋಳಿನ ಮೇಲೆ ಕೈ ಆಡಿಸಿ, "ಒಳ್ಳೇದುಂಟು," ಎಂದ. ಎದ್ದವನೇ ಕೂತ ಜಾಗವನ್ನು ಮತ್ತೊಮ್ಮೆ ಒರೆಸಿದ. "ಯಾರಿಗೂ ಹೇಳಬೇಡಿ ಸಣ್ಣಕ್ಕೆ."

ಮರುದಿನ ಅಜ್ಜಿ ಮಾವಿನ ಎಲೆಯಿಂದ ಅರಸಿನದ ನೀರು ಚಿಮುಕಿಸಿದ ಮೇಲೆಯೇ ಸೋಫಾ ಚಾವಡಿ ಹತ್ತಿದ್ದು. ಹೊಸ ಅಕ್ಕಿಯ ಪಾಯಸದ ಘಮ, ಮನೆ ತುಂಬ ನೆಂಟರು. ಒಕ್ಕಲಿನವರು, ಕೆಲಸದವರು ಅಂಗಳದಲ್ಲಿ ಬಾಳೆಎಲೆ ಹಿಡಿದು ಕೂತಿದ್ದರು, ಐತಪ್ಪನೂ ಇದ್ದ. ಅಜ್ಜಿ ಬಂದರು. ಹಿಂದೆ ಬಗ್ಗಿ ನೋಡಿದರು, ಬೂಷ್ಟಿಲ್ಲ. ಮೂಸಿದರು, ಕಮಟಿಲ್ಲ.

ಕೂರುವ ಮೊದಲು ತಿರುಗಿ ಕೇಳಿದರು, "ಸರಿ ಮಾಡಿದ ಮೇಲೆ ಯಾರಾದರೂ ಇದರಲ್ಲಿ ಕೂತಿದ್ದಾರಾ ಮಗಾ?"

"ಇಲ್ಲ ಅಜ್ಜಿ," ಎಂದೆ ಗಟ್ಟಿಯಾಗಿ. "ಯಾರೂ ಕೂತಿಲ್ಲ. ನೀವೇ ಮೊದಲು."

ಅಜ್ಜಿ ಕೂತರು. "ಅಯ್ಯೋ, ಹತ್ತಿಯ ಹಾಗೆ ಉಂಟಲ್ಲ ಮಾರಾಯ! ಇರಲಿ, ಇಲ್ಲೇ ಇರಲಿ," ಎಂದರು. ಮಾವ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದರು, ಮಕ್ಕಳೆಲ್ಲ ಕೇಕೆ ಹಾಕಿದರು. ಹಾಗೆ ತಿರುಗುವಾಗಲೇ ಅಂಗಳ ನನ್ನ ಕಣ್ಣಿಗೆ ಬಿತ್ತು. ನನ್ನ ಮಾತು ಐತಪ್ಪನಿಗೆ ಕೇಳಿತ್ತು. ಸರಿಯಾಗಿ ಹೇಳಿದಿರಿ ಎನ್ನುವಂತೆ ಅವನು ತಲೆ ಆಡಿಸಿ, ಎಲೆಯ ಕಡೆಗೆ ಬಗ್ಗಿದ.

ಆ ಸೋಫಾ ಈಗಲೂ ಉಂಟು, ನನ್ನ ತಂಗಿಯ ಮಗನ ಮನೆಯಲ್ಲಿ. ಈಗಿನವರು ಫೋನಿನಲ್ಲಿ ಚಿತ್ರ ನೋಡಿ ಸೋಫಾ ತರಿಸುತ್ತಾರೆ, ಎರಡು ಮಳೆಗಾಲಕ್ಕೆ ಅದರ ಸಿಪ್ಪೆ ಏಳುತ್ತದೆ, ಎತ್ತಿ ಬಿಸಾಡುತ್ತಾರೆ. ಹೆಬ್ಬೆಟ್ಟು ಊರಿ ನೋಡುವವರೂ ಇಲ್ಲ, ಮೇಣ ಕರಗಿಸುವ ಹದ ಬಲ್ಲವರೂ ಇಲ್ಲ. ಬಂದವರೆಲ್ಲ ಹಳೆಯ ಸೋಫಾವನ್ನು ಸವರಿ ನಾರಾಯಣ ಮಾವನ ಅಭಿರುಚಿಯನ್ನು ಹೊಗಳುತ್ತಾರೆ. ಮಾವ ಕೊಂಡದ್ದು ನಿಜ, ಉಳಿಸಿದವನು ಬೇರೆ. ಅದನ್ನು ಹೇಳಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಆ ದಿನ ಸೋಫಾವನ್ನು ಗೆಲ್ಲುವ ಆತುರದಲ್ಲಿ, ಅವನು ಅದರ ಮೇಲೆ ಕೂತ ಆ ಅರೆಗಳಿಗೆಯನ್ನೂ ನಾನು ಇಲ್ಲವೆಂದುಬಿಟ್ಟೆ. ಅಜ್ಜಿಯ ಕಾಲ ಮುಗಿದು, ಚಾವಡಿಗೆ ಎಲ್ಲರೂ ಹತ್ತುವ ಕಾಲ ಬಂದು, "ಐತಪ್ಪಣ್ಣ, ಬನ್ನಿ, ಒರಗಿ ಕೂತುಕೊಳ್ಳಿ" ಎನ್ನಲು ನನಗೆ ಬಾಯಿ ಬರುವಷ್ಟರಲ್ಲಿ, ಕೂರಬೇಕಾದವರು ಹೋಗಿಬಿಟ್ಟಿದ್ದರು.