ಬೆಕ್ಕಿನ ಕಿಂಡಿಗೆ ಬಡಿದ ಹಲಗಿ

ಇವತ್ತ ಹೊಸ ಬಾಗಿಲ ಕೂಡಿಸಾಕ ಬಂದ ಬಡಿಗ್ಯಾರು, "ಬೆಕ್ಕಿಗೆ ಕೆಳಗೊಂದು ಕಿಂಡಿ ಬಿಡ್ಲೇನ್ರಿ ಅಕ್ಕಾರ?" ಅಂತ ಕೇಳಿದ್ರು. ಕೊರೆದ ಕಟ್ಟಿಗಿ ವಾಸನಿಗೆ ನನಗ ಇಳಕಲ್ಲಿನ ನಮ್ಮ ಮಗ್ಗದ ಖೋಲಿ ನೆನಪಾತು.

ಆ ಬಾಗಿಲಿಗೂ ಅಂಥಾ ಕಿಂಡಿ ಇತ್ತು. ಇಲಿ ರೇಷ್ಮಿ ಕಡಿಬಾರದಂತ ಬೆಕ್ಕಿನ ಸಲುವಾಗಿ ಅಪ್ಪನೇ ಕೊರೆದಿದ್ದ. ಒಂದಿನ ಆ ಬೆಕ್ಕ ಮಗ್ಗದ ಮ್ಯಾಲಿನ ಸೀರಿ ಎಳಿ ಹರೀತು. ಅಪ್ಪ ಅದನ್ನ ಹೊರಗ ಹಾಕಿ, ಸಿಟ್ಟಿನಾಗ ಕಿಂಡಿಗೆ ಹಲಗಿ ಬಡಿದ. ನೂಲಿನ ಬುಟ್ಟಿ ಹಿಂದ ಅದರ ಎರಡು ಮರಿ ಇದ್ದದ್ದು ನನಗೊಬ್ಬಾಕಿಗೇ ಗೊತ್ತಿತ್ತು. ಹೇಳಿದ್ರ ಅವನ್ನೂ ಒಗೀತಾನಂತ ಅಂಜಿ ಸುಮ್ಮನಿದ್ನಿ. ಅವತ್ತ ಎಲ್ಲಾರೂ ಬಾದಾಮಿಗೆ ಅತ್ತಿ ಮನಿಗೆ ಹೋದ್ವಿ.

ಮೂರನೇ ದಿನ ತಿರುಗಿ ಬಂದಾಗ ತಾಯಿಬೆಕ್ಕು ಬಾಗಿಲ ಪರಚಾಕ ಹತ್ತಿತ್ತು. ಒಳಗ ಮರಿ ಸತ್ತಿದ್ದವು.

"ಒಳಗ ಮರಿ ಅದಾವಂತ ಯಾರರ ಒಂದ್ ಮಾತ ಹೇಳಬಾರದಾಗಿತ್ತೇನು?" ಅಂದ ಅಪ್ಪ. ಮರಿಗಳನ್ನ ಹೆಗಲಮ್ಯಾಲಿನ ಟಾವೆಲಿನಾಗ ಸುತ್ತಿ ಹಿತ್ತಲದಾಗ ಹುಗದು ಬಂದ. ನಾ ಅವ್ವನ ಸೆರಗ ಹಿಡಕೊಂಡು ನಿಂತಿದ್ನಿ.

"ನನ್ನ ಕೈಯಾಗ ಎರಡು ಜೀವ ಹೋದವು" ಅಂತ ಅಪ್ಪ ಮುಪ್ಪಿನಾಗೂ ಅಂತಿದ್ದ. ಹೋದ ವರ್ಷ ತೀರಿಕೊಂಡ. ದವಾಖಾನ್ಯಾಗ ಅವನ ಕೈ ಹಿಡಕೊಂಡು ಕುಂತಾಗೂ ನನಗ ಬಾಯಿ ಬಿಡಾಕ ಆಗಲಿಲ್ಲ. ಅವಗ ಹೇಳಬೇಕಾದದ್ದನ್ನ ಇವತ್ತ ನಿಮ್ಮ ಮುಂದ ಬರಿಯಾಕ ಹತ್ತೇನಿ.